ಒಂಟಿಗಾಲಿನ ಪರೀಕ್ಷೆ

ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎಂದು ಗಾದೆ ಇದೆ. ಕುಳಿತಲ್ಲೇ ಎಡವುವ ವಿದ್ಯೆಯೂ ಉಂಟು ಎಂಬುದನ್ನು ನಾನು ಚಿಕ್ಕಂದಿನಲ್ಲೇ ನಮ್ಮ ಮನೆಯವರಿಗೆ ತೋರಿಸಿಕೊಟ್ಟಿದ್ದೆ. ಪಂಚಮಿಯಲ್ಲಿ ಓಣಿಯ ಹುಡುಗಿಯರೆಲ್ಲ ಬೇವಿನ ಮರದ ಜೋಕಾಲಿಯಲ್ಲಿ ನಿಂತು ಜೀಕಿ, ಟೊಂಗೆಯ ಎಲೆ ಕಚ್ಚಿ ತರುತ್ತಿದ್ದರೆ, ನಾನು ಇನ್ನೂ ಯಾರೂ ತೂಗದೆ ಸುಮ್ಮನೆ ನಿಂತಿದ್ದ ಜೋಕಾಲಿಯಿಂದ ಬಿದ್ದು ಗದ್ದ ಒಡೆದುಕೊಂಡಿದ್ದೆ. ಸೈಕಲ್ ಕಲಿಸುತ್ತೇನೆಂದು ಹುಮ್ಮಸ್ಸಿನಿಂದ ಬಂದ ಸೋದರಮಾವ ಸ್ವಲ್ಪ ದಿನದಲ್ಲೇ ಆ ಸೈಕಲ್ಲನ್ನು ಮಾರಿಬಿಟ್ಟ. ಹಾಲಿನ ತಂಬಿಗೆ ನನ್ನ ಕೈಗೆ ಕೊಟ್ಟರೆ ಅವ್ವ ಹಿಂದೆಯೇ ನೆಲ ಒರೆಸುವ ಅರಿವೆ ಹಿಡಿದುಕೊಂಡು ಬರುತ್ತಿದ್ದಳು. ಇಂಥ ನನಗೆ, ಎಂಬತ್ತರ ದಶಕದ ನಡುವಿನಲ್ಲಿ, ಧಾರವಾಡದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮಕ್ಕಳು ಬೀಳದೆ ನಿಲ್ಲುತ್ತಾರೋ ಇಲ್ಲವೋ ಎಂದು ಪರೀಕ್ಷಿಸುವ ಕೆಲಸ. ಸುದ್ದಿ ಕೇಳಿದ ಅವ್ವ ನಗು ತಡೆಯಲಾರದೆ ರೊಟ್ಟಿ ಬಡಿಯುವುದನ್ನು ಬಿಟ್ಟು ಒಲೆಯ ಮುಂದೆ ಕುಳಿತುಬಿಟ್ಟಳು.

ನಮ್ಮ ದೊಡ್ಡ ಡಾಕ್ಟರರು ಬಹಳ ಓದಿದವರು. ಮಾತಾಡದ, ಮುಖಕ್ಕೆ ಮುಖ ಕೊಡದ, ದಿನದ ಪದ್ಧತಿ ಒಂದಿಷ್ಟು ಬದಲಾದರೆ ಕಿರುಚಿಕೊಳ್ಳುವ ಮಕ್ಕಳನ್ನು ಊರವರು ಗಾಳಿ ಸೋಕಿದೆ ಎಂದೋ ಹುಚ್ಚು ಎಂದೋ ಹೇಳಿ ಕೈಬಿಡುತ್ತಿದ್ದ ಕಾಲ ಅದು. ಅದಕ್ಕೆ ಆಟಿಸಂ ಎನ್ನುತ್ತಾರೆ ಎಂದು ನಮಗೆ ಹೇಳಿಕೊಟ್ಟವರು ಅವರೇ. ಅಂಥ ಎಷ್ಟೋ ಮಕ್ಕಳಿಗೆ ಮೈಯ ತೋಲ, ಅಂದರೆ ಸಮತೋಲ, ಹಿಡಿಯುವುದು, ಚೆಂಡು ಹಿಡಿಯುವುದು, ಗುಂಡಿ ಹಾಕಿಕೊಳ್ಳುವುದು ತಡವಾಗಿ ಬರುತ್ತದೆ, ಎಲ್ಲಿ ತಡೆದಿದೆ ಎಂದು ಗೊತ್ತಾದರೆ ಅಲ್ಲಿಂದ ಕಲಿಸಬಹುದು ಎಂಬುದು ಅವರ ವಾದ. ಅದಕ್ಕಾಗಿ ನನ್ನನ್ನು ಬೆಂಗಳೂರಿಗೆ ಕಳಿಸಿ ತರಬೇತಿ ಕೊಡಿಸಿ, ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರು. ಅದರ ಚಿತ್ರಗಳಲ್ಲಿ ಚಡ್ಡಿ ತೊಟ್ಟ ದುಂಡು ಕೆನ್ನೆಯ ಮಕ್ಕಳು, ಮರದ ನೆಲದ ದೊಡ್ಡ ಕೋಣೆಯಲ್ಲಿ, ಒಂಟಿಗಾಲಿನ ಮೇಲೆ ನಗುತ್ತ ನಿಂತಿರುತ್ತಿದ್ದರು. ನಾನು ಆ ಪುಸ್ತಕವನ್ನು ಬಾಯಿಪಾಠ ಮಾಡಿದ್ದೆ. ಒಂಟಿಗಾಲಿನ ಮೇಲೆ ನಿಲ್ಲುವುದೊಂದು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು.

ಆ ಶ್ರಾವಣದಲ್ಲಿ ಗುಡಗೇರಿಯ ಆಚೆಯ ಒಂದು ಹಳ್ಳಿಯಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಿದ್ದಳು. ಎಂಟು ಒಂಬತ್ತು ವರ್ಷದ ಹುಡುಗಿ. ಒಳಗೆ ಬಂದವಳೇ ಬೆಂಚಿನ ಕೆಳಗೆ ಸೇರಿ ಅದರ ಕಾಲು ಅಪ್ಪಿಕೊಂಡು ಕುಳಿತಳು, ಹೋಗುವವರೆಗೂ ಹೊರಗೆ ಬರಲಿಲ್ಲ. ತಾಯಿ ಮಾತ್ರ ಹೇಳಬೇಕಾದ್ದನ್ನು ನಿಂತೇ ಹೇಳಿದಳು.

“ಇಕೀ ಅಪ್ಪ ಹುಬ್ಬಳ್ಳ್ಯಾಗ ಹಮಾಲಿ ಮಾಡ್ತಾನ್ರಿ, ಅಮಾಸಿಗೊಮ್ಮೆ ಬರ್ತಾನ. ಮನ್ಯಾಗ ಮತ್ತ್ಯಾರೂ ಇಲ್ರಿ. ನಾ ಕಳೆ ತಗೀಲಿಕ್ಕೆ ಹೋಗುಮುಂದ ಇಕೀನ್ನ ಕಂಬಕ್ಕ ಕಟ್ಟಿ ಹೋಗ್ತೇನ್ರಿ ಬಾಯಾರ. ಇಲ್ಲಂದ್ರ ಎದ್ದು ನಡಿಯಾಕ ಹತ್ತಿಬಿಡ್ತಾಳ. ಹ್ವಾದ ಸುಗ್ಗ್ಯಾಗ ರೈಲ್ವೆ ಹಳಿ ಮ್ಯಾಲೆ ಸಿಕ್ಕಾಳ್ರಿ.”

ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ಬಿಡಲಿಲ್ಲ.

“ಸಾಲಿಗೆ ಕೂಡಿಸ್ಕೊಂಡ್ರ ಹಗ್ಗ ಬಿಚ್ಚತೇನ್ರಿ. ಸಾಲ್ಯಾಗ ಸುಮ್ನ ಕುಂಡರ್ತಾಳ, ನಾ ನೋಡೇನಿ. ಆದ್ರ ಹೆಡ್ ಮಾಸ್ತರ್ರು, ಪಾವಟಿಗಿ ಮ್ಯಾಲಿಂದ ಬಿದ್ದ್ರ ಯಾರು ಜವಾಬ್ದಾರಿ ಅಂತಾರ್ರಿ. ಬೀಳಂಗಿಲ್ಲ ಅಂತ ನೀವೊಂದ್ ಮಾತ್ ಹೇಳ್ರಿ, ಸಾಕು.”

ಬೀಳುವುದಿಲ್ಲ ಎಂದು ಹೇಳುವ ಅಧಿಕಾರ ಇಡೀ ಜಿಲ್ಲೆಯಲ್ಲಿ ನನ್ನ ಪಾಲಿಗೆ ಬಂದದ್ದು ದೈವದ ಚೇಷ್ಟೆಯೇ ಸರಿ. ಮಗು ತನ್ನ ಮನೆಯಲ್ಲಾದರೆ ಧೈರ್ಯವಾಗಿ ಓಡಾಡೀತು, ಅಲ್ಲಿಗೇ ಹೋಗಿ ನೋಡಿ ಬಾ ಎಂದರು ಡಾಕ್ಟರರು.

ಹೊರಟೆ. ಹೆಗಲಿಗೆ ಒಂದು ಚೀಲ. ಅದರಲ್ಲಿ ರಬ್ಬರ್ ಚೆಂಡು, ಸೀಮೆಸುಣ್ಣ, ದಾರ, ಮಣಿ. ಕೊರಳಲ್ಲಿ ಕ್ಷಣ ಅಳೆಯುವ ಗಡಿಯಾರ. ಜೊತೆಗೆ ಆಸ್ಪತ್ರೆಯ ಬಡಿಗನ ಹತ್ತಿರ ಮಾಡಿಸಿದ, ನನಗಿಂತ ಉದ್ದದ ಒಂದು ಹಲಗೆ. ಅದರ ಮೇಲೆ ಮಕ್ಕಳನ್ನು ನಡೆಸಿ ತೋಲ ನೋಡಬೇಕು. ಪ್ಯಾಸೆಂಜರ್ ರೈಲಿನಲ್ಲಿ ಆ ಹಲಗೆಯನ್ನು ಎಲ್ಲಿ ಇಟ್ಟರೂ ಯಾರಿಗಾದರೂ ಬಡಿಯುತ್ತಿತ್ತು. ಕೊನೆಗೆ ಶೇಂಗಾ ಮಾರುವ ಹೆಣ್ಣುಮಗಳೊಬ್ಬಳು ಅದರ ಮೇಲೆ ತನ್ನ ಬುಟ್ಟಿಯಿಟ್ಟು ಕುಳಿತದ್ದರಿಂದ ಎಲ್ಲರೂ ಉಳಿದುಕೊಂಡರು.

ಗುಡಗೇರಿ ನಿಲ್ದಾಣದಲ್ಲಿ ಇಳಿದಾಗ ಮಳೆ ನಿಂತಿತ್ತು. ಅದೇ ಹಳ್ಳಿಯ ಅಜ್ಜನೊಬ್ಬ ಸಂತೆ ಮುಗಿಸಿ ಹೊರಟಿದ್ದವನು ನನ್ನ ಹಲಗೆಯನ್ನು ತಾನೇ ಹೆಗಲಿಗೇರಿಸಿದ. ಮಳೆಯಾದ ಮೇಲೆ ಎರೆಮಣ್ಣಿನಲ್ಲಿ ನಡೆದವರಿಗೆ ಗೊತ್ತು, ಹೆಜ್ಜೆಗೊಂದು ಹಿಡಿ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದೊಂದು ಕಾಲಿಗೆ ಒಂದೊಂದು ಬೀಸುಕಲ್ಲು ಕಟ್ಟಿದಂತಾಗುತ್ತದೆ. ಊರು ಇನ್ನೇನು ಬಂತು ಎನ್ನುವಾಗ ಒಂದು ಹಳ್ಳ ಅಡ್ಡ ಬಂತು. ಅಜ್ಜ ಹಿಂದೆ ಮುಂದೆ ನೋಡದೆ ನನ್ನ ಹಲಗೆಯನ್ನು ಹಳ್ಳಕ್ಕೆ ಅಡ್ಡ ಹಾಕಿ ದಾಟಿದ. ಹಿಂದೆ ಬರುತ್ತಿದ್ದ ಹೆಂಗಸರು ತಲೆಯ ಮೇಲೆ ಸಂತೆಯ ಗಂಟು ಹೊತ್ತುಕೊಂಡೇ ದಾಟಿದರು. ಒಬ್ಬಾಕೆಯ ಕಂಕುಳಲ್ಲಿ ಕೂಸೂ ಇತ್ತು. ಆಮೇಲೆ ತರಬೇತಿ ಪಡೆದ ನಾನು ಹೆಜ್ಜೆಯಿಟ್ಟೆ, ನಡುವಿಗೆ ಬರುತ್ತಲೇ ಚೀಲಸಮೇತ ಹಳ್ಳಕ್ಕೆ ಬಿದ್ದೆ.

ಅಜ್ಜ ಬಗ್ಗಿ ನೋಡಿ ಸಮಾಧಾನ ಹೇಳಿದ: “ಹಲಗಿಗೇನೂ ಆಗಿಲ್ಲ ಬಿಡ್ರಿ ಬಾಯಾರ. ಅಗದಿ ಗಟ್ಟಿ ಐತಿ.”

ಹಿಂದೆ ಇನ್ನೂ ಜನ ಬರುವವರಿದ್ದರು. ಹಲಗೆ ತೆಗೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಸಂಜೆ ಹೋಗುವಾಗ ಒಯ್ದರಾಯಿತೆಂದು ಅದನ್ನು ಅಲ್ಲೇ ಬಿಟ್ಟು, ಎರಡೂ ಕೈಯಲ್ಲಿ ಸೀರೆ ಹಿಂಡುತ್ತ ಊರು ಹೊಕ್ಕೆ. ಡಾಕ್ಟರ್ ಬಾಯಿ ಬರುತ್ತಾಳೆಂದು ಕಾದಿದ್ದ ಓಣಿಯ ಜನ ನನ್ನನ್ನು ದಾಟಿ ಹಿಂದೆ ಇನ್ನಾರು ಬರುತ್ತಿದ್ದಾರೆಂದು ನೋಡುತ್ತಿದ್ದರು.

ಆ ತಾಯಿ ಬಿಸಿನೀರು ಕೊಟ್ಟು, ತನ್ನ ಒಗೆದಿಟ್ಟ ಇಳಕಲ್ ಸೀರೆಯನ್ನೇ ನನಗೆ ಉಡಿಸಿದಳು. ಪಡಸಾಲೆಯಲ್ಲಿ ಕುಳಿತ ಮೇಲೆ ನೋಡಿದೆ. ನಡುವೆ ಒಂದು ಕಂಬ. ಕಂಬಕ್ಕೆ ಬಿಗಿದ ಹಗ್ಗ, ಅದರ ತುದಿಯಲ್ಲಿ ಕಾಲಿಗೆ ಹಾಕುವ ಕುಣಿಕೆ. ಸಾದಾ ಹಗ್ಗವಲ್ಲ. ಮೆತ್ತಗಿರಲಿ ಎಂದು ಹಳೆಯ ಸೀರೆ ಹರಿದು ಜಡೆಯ ಹಾಗೆ ಹೆಣೆದದ್ದು. ಕಂಬದ ಎದುರಿನ ಗೋಡೆಯ ಗೂಡಿನಲ್ಲಿ ಕಳೆ ತೆಗೆಯುವ ಕುರ್ಪಿ. ನಾನು ಆ ಹಗ್ಗದ ಕಡೆ ಬೆನ್ನು ಮಾಡಿ ಕುಳಿತೆ.

ಹುಡುಗಿ ಅಷ್ಟರಲ್ಲಿ ನನ್ನ ಕೆಸರು ಚಪ್ಪಲಿಗಳನ್ನು ಒಯ್ದು, ಗೋಡೆಯ ಬುಡದಲ್ಲಿದ್ದ ತಾಯಿಯ ಚಪ್ಪಲಿಯ ಬಾಜು, ಒಂದಕ್ಕೊಂದು ಸಮ ಮಾಡಿ ಇಟ್ಟಳು. ನನ್ನ ಮುಖ ನೋಡಲಿಲ್ಲ. ಸಾಲು ಸೊಟ್ಟಗಾಗಿದೆಯೇ ಎಂದು ಮತ್ತೊಮ್ಮೆ ಬಗ್ಗಿ ನೋಡಿ ಸರಿಮಾಡಿದಳು.

ಹೆಡ್ ಮಾಸ್ತರರು ಬಂದರು. ಬಿಳಿ ಟೋಪಿ, ಕಂಕುಳಲ್ಲಿ ಛತ್ರಿ, ಮುಖದಲ್ಲಿ ಆತಂಕ. ಕೆಟ್ಟವರಲ್ಲ, ಹೆದರಿದವರು. ಕಳೆದ ವರ್ಷ ಶಾಲೆಯ ಪಾವಟಿಗೆಯ ಮೆಟ್ಟಿಲ ಮೇಲಿಂದ ಒಬ್ಬ ಹುಡುಗ ಬಿದ್ದು ಕೈ ಮುರಿದುಕೊಂಡಿದ್ದ. ಅವನ ಮನೆಯವರು ಶಾಲೆಯ ಮುಂದೆ ನಿಂತು ಬೈದದ್ದು ಅವರ ಕಿವಿಯಲ್ಲಿ ಇನ್ನೂ ಇತ್ತು.

“ನೋಡ್ರಿ ಬಾಯಾರ, ನಂದೇನೂ ಹಟ ಇಲ್ಲ. ನೀವು ಶಾಸ್ತ್ರ ಓದಿದವರು. ನನ್ನ ಕಣ್ಣ ಮುಂದ ಪರೀಕ್ಷಾ ಮಾಡ್ರಿ. ನಿಂತ್ಲು ಅಂದ್ರ ನಾಳಿಂದನಽ ಕೂಡಿಸ್ಕೋತೇನಿ.”

ತಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಓಣಿಯ ಅರ್ಧ ಜನ ಅಂಗಳದ ಅಂಚಿಗೆ ಬಂದು ನೆರೆದಿದ್ದರು. ಹಲಗೆ ಹೊತ್ತು ತಂದಿದ್ದ ಅಜ್ಜ ಕಟ್ಟೆಯ ಮೇಲೆ ಮುಂದಿನ ಜಾಗ ಹಿಡಿದಿದ್ದ.

ಹಲಗೆ ಹಳ್ಳದ ಪಾಲಾಗಿತ್ತಲ್ಲ, ಪುಸ್ತಕದಲ್ಲಿ ಅದಕ್ಕೂ ಉಪಾಯವಿತ್ತು. ನೆಲದ ಮೇಲೆ ನೇರ ಗೆರೆ ಎಳೆದು, ಹಿಮ್ಮಡಿಗೆ ಬೆರಳು ತಾಗಿಸುತ್ತ ಅದರ ಮೇಲೆ ನಡೆಸಬಹುದು. ಆದರೆ ಸೀಮೆಸುಣ್ಣ ಚೀಲದಲ್ಲಿ ನೆನೆದು ಹಿಟ್ಟಾಗಿತ್ತು. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚುತ್ತ ತಾಯಿಯನ್ನು ಕೇಳಿದೆ: “ರಂಗೋಲಿ ಪುಡಿ ಅದ ಏನ್ರಿ?”

ಬಟ್ಟಲು ಬಂತು. ಮಳೆ ನಿಂತ ಮೇಲೆ ಮತ್ತೆ ಸಾರಿಸಿದ್ದ ಅಂಗಳದಲ್ಲಿ ಗೆರೆ ಎಳೆದೆ. ಬಾಗಿಲಿನಿಂದ ಕಟ್ಟೆಯ ಕಡೆಗೆ ಹೊರಟ ಗೆರೆ ನಡುವೆ ಮನಸ್ಸು ಬದಲಿಸಿ ಎಮ್ಮೆಯ ಗೂಟದ ಕಡೆಗೆ ತಿರುಗಿತು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. “ಅಂಗಳಾನೇ ಸ್ವಲ್ಪ ವಾಲೇದ ಅನಸ್ತದ” ಎಂದು ನಾನೂ ಅಂದೆ. ಅಜ್ಜ ಕೆಮ್ಮಿದ.

ತಾಯಿಗೆ ನೋಡಲಾಗಲಿಲ್ಲ. ನನ್ನ ಗೆರೆಯನ್ನು ಒರೆಸಿ, ಕುಕ್ಕರುಗಾಲಿನಲ್ಲಿ ಹಿಂದೆ ಸರಿಯುತ್ತ, ದಾರ ಹಿಡಿದ ಹಾಗೆ ಒಂದು ಗೆರೆ ಎಳೆದಳು. ಎದ್ದವಳು ತಡೆದು, “ಒಂಟಿ ಗೆರಿ ಬಿಡಬಾರ್ದ್ರಿ ಬಾಯಾರ” ಎಂದು ಬಾಜುವಿನಲ್ಲಿ ಇನ್ನೊಂದು ಎಳೆದಳು. ಶ್ರಾವಣದಲ್ಲಿ ಬರೀ ಗೆರೆ ಚೆಂದವಲ್ಲವೆಂದು ಎರಡೂ ತುದಿಗೆ ಒಂದೊಂದು ಕಮಲ ಬಿಡಿಸಿದಳು. ಕಮಲದ ನಡುವೆ ಚಿಟಿಕೆ ಅರಿಷಿಣ, ಚಿಟಿಕೆ ಕುಂಕುಮ. ನನ್ನ ಪುಸ್ತಕದ ಯಾವ ಚಿತ್ರದಲ್ಲೂ ಇಷ್ಟು ಚೆಂದದ ಪರೀಕ್ಷೆ ಇರಲಿಲ್ಲ. ಹಿಗ್ಗಿನಿಂದ ಗಡಿಯಾರ ಕೈಗೆ ತೆಗೆದುಕೊಂಡೆ.

ತಾಯಿ ಮಗಳನ್ನು ಗೆರೆಯ ತುದಿಗೆ ತಂದು ನಿಲ್ಲಿಸಿದಳು. “ನಡಿ ನನ್ನವ್ವ” ಅಂದಳು. ಹುಡುಗಿ ಗೆರೆಯನ್ನು ನೋಡಿದಳು. ಬಾಜುವಿಗೆ ಸರಿದಳು. ಗೆರೆಯ ಪಕ್ಕದಲ್ಲೇ ಕೊನೆಯವರೆಗೂ ಹೋಗಿ, ಕಮಲವನ್ನು ಸುತ್ತುಹಾಕಿ, ಆಚೆಯ ಪಕ್ಕದಿಂದ ತಿರುಗಿ ಬಂದಳು. ಮತ್ತೆ ನಡೆಸಿದೆ. ಮತ್ತೆ ಅದೇ. ಕೈ ಹಿಡಿದು ಗೆರೆಯ ಮೇಲೆ ಎಳೆಯಲು ಹೋದರೆ ಕಿರುಚಿ, ಎರಡೂ ಕಾಲು ಮಡಚಿ ನನ್ನ ಕೈಗೆ ಜೋತುಬಿದ್ದಳು. ಗೆರೆಯ ಮೇಲೆ ಪಾದ ಇಡಲು ಬರುವುದಿಲ್ಲ ಎಂದು ನಾನು ಗಂಭೀರವಾಗಿ ತಲೆ ಆಡಿಸಿದೆ. ಮಾಸ್ತರರೂ ತಲೆ ಆಡಿಸಿದರು. ತಾಯಿ ಸೆರಗಿನ ತುದಿ ಬಾಯಿಗೆ ಹಿಡಿದಳು.

ಆಗ ಯಾರದೋ ಮನೆಯ ಆಡೊಂದು ಜನರ ನಡುವೆ ನುಸುಳಿ ಬಂತು. ಆ ಕಮಲದಿಂದ ಈ ಕಮಲದವರೆಗೆ, ಪುಸ್ತಕದಲ್ಲಿ ಬರೆದ ಹಾಗೆ, ಗೆರೆ ತಪ್ಪದೆ ನಡೆದು ಹೋಯಿತು. ಆಡಿನ ಮುಂದೆ ಮರ್ಯಾದೆ ಕಳೆದುಕೊಂಡವಳಂತೆ ನಾನು ನಿಂತಿದ್ದೆ.

“ಹಚ್ಯಾ! ರಂಗೋಲಿ ತುಳೀತೈತಿ ನೋಡ್ರಿ” ಎಂದು ಮಾಸ್ತರರು ಛತ್ರಿ ಬೀಸುತ್ತ ಓಡಿಸಲು ಬಂದರು. ಬಂದವರು ಗೆರೆಯ ಹತ್ತಿರ ತಡೆದು, ಧೋತರ ಎತ್ತಿ ಹಿಡಿದು, ಗೆರೆಗಳನ್ನು ದಾಟಿ ಹೆಜ್ಜೆಯಿಟ್ಟರು. ನಾನು ಅವರ ಕಾಲನ್ನೇ ನೋಡಿದೆ. ಆಮೇಲೆ ನನ್ನ ಕಾಲನ್ನು ನೋಡಿಕೊಂಡೆ. ಹೇಳಿಕೊಡುತ್ತ ಅಷ್ಟು ಸಲ ಆಚೆ ಈಚೆ ತಿರುಗಾಡಿದ್ದೆ, ಪ್ರತಿ ಸಲವೂ ಇಳಕಲ್ ಸೀರೆ ಎತ್ತಿಕೊಂಡು ಗೆರೆ ದಾಟಿದ್ದೆ, ಒಮ್ಮೆಯೂ ತುಳಿದಿರಲಿಲ್ಲ. ಚಿಕ್ಕಂದಿನಲ್ಲಿ ರಂಗೋಲಿ ತುಳಿದು ಅವ್ವನಿಂದ ತಿಂದ ಏಟು ನನಗೆ ಚೆನ್ನಾಗಿ ನೆನಪಿತ್ತು. ಈ ಮಗುವಿಗೂ ಯಾರೋ ಎಂದೋ ಒಮ್ಮೆ ತುಳಿಯಬೇಡ ಎಂದಿದ್ದಾರೆ. ಒಮ್ಮೆ ಹೇಳಿದ್ದನ್ನು ಬಿಡುವ ಮಗು ಅಲ್ಲ ಅದು. ಪುಡಿಯ ಬಟ್ಟಲು ಕೇಳಿದ ನನ್ನ ಬುದ್ಧಿಗೆ ನಾನೇ ಹಣೆ ಚಚ್ಚಿಕೊಂಡೆ.

ಗೆರೆಯನ್ನು ಗುಡಿಸಿ ಹಾಕಿದೆವು. ಆದರೆ ಅದು ಇದ್ದ ಜಾಗದ ಮೇಲೂ ಹುಡುಗಿ ಕಾಲಿಡಲಿಲ್ಲ. “ಇದು ನಂದ ತಪ್ಪು, ಮಾಸ್ತರರ” ಎಂದು ವಿವರಿಸಿದೆ. ಅವರು ನಂಬಿದರು, ಆದರೆ ನಂಬಿದ ಮಾತ್ರಕ್ಕೆ ಶಾಲೆಯ ಪಾವಟಿಗೆ ತಗ್ಗಾಗುವುದಿಲ್ಲವಲ್ಲ.

“ಮುಂದಿಂದು ಮಾಡ್ರಿ” ಅಂದರು.

ಮುಂದಿನದು ಚೆಂಡು. ಮೆಲ್ಲಗೆ ಎಸೆದೆ. ಹುಡುಗಿ ಕೈ ಚಾಚಲಿಲ್ಲ. ಚೆಂಡು ಉರುಳಿ ಹೋಗಿ ನಿಂತ ಮೇಲೆ, ತಾನೇ ಹೋಗಿ ಎತ್ತಿ ತಂದು, ಅದು ಬಂದಿದ್ದ ನನ್ನ ಚೀಲದಲ್ಲಿ ಇಟ್ಟಳು. ಮತ್ತೆ ತೆಗೆದು ಎಸೆದೆ. ಮತ್ತೆ ತಂದಿಟ್ಟು ಈ ಸಲ ಚೀಲದ ಬಾಯಿ ಕಟ್ಟಿದಳು. ಎರಡು ಎಳೆಯ ಗಂಟು, ಬಿಚ್ಚಲು ನನಗೇ ಹಲ್ಲು ಬೇಕಾಯಿತು.

ಕೊನೆಯದು ಒಂಟಿಗಾಲಿನ ಪರೀಕ್ಷೆ. ಮೊದಲು ಪರೀಕ್ಷಕರು ನಿಂತು ತೋರಿಸಬೇಕೆಂದು ಪುಸ್ತಕದ ಕಟ್ಟಪ್ಪಣೆ. ಪಡಸಾಲೆಯ ನೆಲವೇ ಮಟ್ಟಸವೆಂದು ಎಲ್ಲರನ್ನೂ ಅಲ್ಲಿಗೆ ಕರೆದೆ. ಕುಲದೇವರನ್ನು ನೆನೆದು ಬಲಗಾಲು ಎತ್ತಿದೆ. ಸೀರೆಯ ನಿರಿಗೆಯೊಳಗೆ ಕಾಲು ಎಲ್ಲಿ ಸಿಕ್ಕಿತೋ, ಎರಡು ಕೈಯನ್ನೂ ಗಾಳಿಗೆ ಬೀಸಿ, ಮಾಸ್ತರರ ಟೋಪಿಗೆ ಬಡಿದು, ಕಂಬವನ್ನು ಅಪ್ಪಿಕೊಂಡು ನಿಂತೆ. ಹೊರಗಿನ ಜನ ಬಿದ್ದು ಬಿದ್ದು ನಕ್ಕರು.

“ಹಲಗಿ ಮ್ಯಾಲೂ ಹಿಂಗಽ ಮಾಡಿದ್ರು” ಎಂದು ಅಜ್ಜ ಸಾಕ್ಷಿ ಹೇಳಿದ.

ಹುಡುಗಿ ಉರುಳಿದ ಟೋಪಿಯನ್ನು ಎತ್ತಿ ಮಾಸ್ತರರ ಕೈಗೆ ಕೊಟ್ಟಳು. ಕಾಲು ಎತ್ತಲಿಲ್ಲ. ನಾನು ಹೇಳಿದೆ, ತಾಯಿ ಹೇಳಿದಳು, ಬಾಗಿಲಿನಲ್ಲಿ ನಿಂತ ಮಕ್ಕಳೆಲ್ಲ ಎತ್ತಿ ತೋರಿಸಿದರು. ಅವಳು ಗೋಡೆಯ ಕಡೆ ನೋಡುತ್ತ ಎರಡು ಕಾಲಿನ ಮೇಲೆ ಗಟ್ಟಿಯಾಗಿ ನಿಂತೇ ಇದ್ದಳು. ಬರುವುದಿಲ್ಲವೋ, ಮನಸ್ಸಿಲ್ಲವೋ, ಕೇಳಿದ್ದು ಏಕೆಂದು ತಿಳಿಯಲಿಲ್ಲವೋ, ನನಗೆ ಗೊತ್ತಾಗಲಿಲ್ಲ. ಗೊತ್ತಾಗದಿದ್ದಾಗ ಏನು ಮಾಡಬೇಕೆಂದು ಪುಸ್ತಕದಲ್ಲಿ ಬರೆದಿರಲಿಲ್ಲ.

ಮಾಸ್ತರರು ಟೋಪಿ ಜಾಡಿಸಿ ಹಾಕಿಕೊಂಡರು. “ಪಾಪ, ಮುಂದಿನ ವರ್ಷ ನೋಡೂಣು ತಂಗಿ” ಎಂದು ತಾಯಿಗೆ ಮೆತ್ತಗೆ ಹೇಳಿ ಛತ್ರಿ ಕೈಗೆತ್ತಿಕೊಂಡರು. ಬೀಳುವುದಿಲ್ಲವೆಂದು ಒಂದು ಮಾತು ಹೇಳಲು ನಾನು ಅಷ್ಟು ದೂರ ಬಂದಿದ್ದೆ. ಅದನ್ನು ಬಿಟ್ಟು ಚೀಲ ಹೆಗಲಿಗೆ ಹಾಕಿಕೊಂಡು ನಿಂತೆ. ಅವಳ ಸೀರೆ ಉಟ್ಟುಕೊಂಡು ಅವಳ ಮನೆಯಲ್ಲಿ ಹಾಗೆ ನಿಂತದ್ದಕ್ಕೆ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬೀದಿಯಿಂದ ಕೂಗು ಬಂತು. ಮಳೆ ನಿಂತಿತೆಂದು ತಡವಾಗಿ ಮೆಣಸಿನ ಗಿಡದ ಕಳೆಗೆ ಹೊರಟ ಹೆಂಗಸರು. “ಬರ್ತೀ ಏನ್ ಬೇ? ಹೊತ್ತಾತು!”

“ಬಂದೆ” ಅಂದಳು ತಾಯಿ. ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಗೂಡಿಗೆ ಕೈ ಹಾಕಿ ಕುರ್ಪಿ ತೆಗೆದಳು.

ಕುರ್ಪಿ ಗೂಡಿನ ಕಲ್ಲಿಗೆ ತಾಗಿದ ಸದ್ದಿಗೆ ಹುಡುಗಿ ತಿರುಗಿದಳು. ಯಾರೂ ಏನೂ ಹೇಳದೆ ಕಂಬದ ಹತ್ತಿರ ಹೋದಳು. ನೆಲದ ಮೇಲಿದ್ದ ಕುಣಿಕೆಯನ್ನು ನೆಟ್ಟಗೆ ಮಾಡಿಟ್ಟಳು. ಎಡಗಾಲನ್ನು ಎತ್ತಿ ಮುಂದೆ ಚಾಚಿ, ಬಲಗಾಲಿನ ಮೇಲೆ ನಿಂತಳು.

ಕಂಬ ಹಿಡಿಯಲಿಲ್ಲ. ಕೈ ಚಾಚಲಿಲ್ಲ. ಮೈ ಅಲ್ಲಾಡಲಿಲ್ಲ. ಕಟ್ಟುವವರು ಬರುವವರೆಗೆ ಕಾಯುವುದು ದಿನದ ರೂಢಿಯಲ್ಲವೇ, ಹಾಗೆ ಕಾಯುತ್ತ ನಿಂತಳು. ಆ ಪುಸ್ತಕದ ದುಂಡು ಕೆನ್ನೆಯ ಮಕ್ಕಳು ಯಾರೂ ಅಷ್ಟು ಹೊತ್ತು ನಿಂತಿರಲಾರರು. ಎಷ್ಟು ಹೊತ್ತು ಎಂದು ನಾನು ಹೇಳಲಾರೆ. ಗಡಿಯಾರ ನನ್ನ ಕೊರಳಲ್ಲೇ ಇತ್ತು, ಒತ್ತಬೇಕೆಂದು ತೋಚಲಿಲ್ಲ.

ಮಾಸ್ತರರು ಹೊಸ್ತಿಲಲ್ಲಿ ನಿಂತಿದ್ದರು, ಛತ್ರಿ ಕೈಯಿಂದ ಜಾರಿ ಬಿದ್ದದ್ದು ಅವರಿಗೆ ಗೊತ್ತಾಗಲಿಲ್ಲ.

“ಕಾಲು ಇಳಸಾಕ ಹೇಳವಾ” ಅಂದರು. ಧ್ವನಿಯಲ್ಲಿ ಮಾಸ್ತರಿಕೆ ಇರಲಿಲ್ಲ. “ನಾಳಿಂದ ಅಲ್ಲ, ಇವತ್ತಽ ಕೂಡಿಸ್ಕೋತೇನಿ. ಕಾಲು ಇಳಸಾಕ ಹೇಳು.”

ತಾಯಿ ಕುರ್ಪಿ ಹಿಡಿದೇ ಮಗಳ ಮುಂದೆ ಕುಳಿತು, ಚಾಚಿದ ಪಾದವನ್ನು ಅಂಗೈಯಲ್ಲಿ ಹಿಡಿದು ನೆಲಕ್ಕಿಟ್ಟಳು. “ಬ್ಯಾಡ ನನ್ನವ್ವ. ಇನ್ನ ಬ್ಯಾಡ.” ಕೈ ಬಿಟ್ಟ ಕೂಡಲೇ ಹುಡುಗಿ ಕಾಲು ಮತ್ತೆ ಎತ್ತಿದಳು. ತಾಯಿ ಮತ್ತೆ ಇಳಿಸಿದಳು. ಹುಡುಗಿ ಮತ್ತೆ ಎತ್ತಿದಳು. “ಪಾಸಾದಿ ಅವ್ವಿ, ಸಾಕು, ಪಾಸಾದಿ” ಎಂದು ನಾನು ಹುಚ್ಚಿಯ ಹಾಗೆ ಹೇಳುತ್ತಿದ್ದೆ, ನನ್ನ ಮಾತು ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಬೀದಿಯ ಹೆಂಗಸರು ಇನ್ನೊಮ್ಮೆ ಕೂಗಿದರು. ತಾಯಿ ತನ್ನ ಕೈಯನ್ನೇ ನೋಡಿಕೊಂಡಳು. ಎದ್ದು ಹೋಗಿ ಕುರ್ಪಿಯನ್ನು ಗೂಡಿನಲ್ಲಿ, ಅದು ಮೊದಲಿದ್ದ ಜಾಗದಲ್ಲೇ ಇಟ್ಟು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿದಳು.

ಹುಡುಗಿ ಗೂಡಿನ ಕಡೆ ನೋಡಿದಳು. ಕಾಲು ಇಳಿಸಿದಳು.